ಕಟ್ಟಿದ್ದು ಸಂಶೋಧನೆ ಆಗುವುದು ಯಾವಾಗ? ಡಿಸೈನ್ ಸೈನ್ಸ್ ಹಾದಿ ಹಿಡಿದವರಿಗೆ ಒಂದು ಮಾರ್ಗದರ್ಶಿ

ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದಾಗ ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತರ ಕಡೆಗೆ. ತಮ್ಮ ಸರ್ವೆ ನಂಬರಿನ ಮೇಲೆ ಏನು ಕೆಲಸ ನಡೀತಿದೆ ಅಂತ ರೈತರು ನಿಂತಲ್ಲೇ ನೋಡಬಹುದಿತ್ತು. ಅದಕ್ಕೂ ಮೊದಲು ಪಹಣಿ ಅಂದರೆ ಕೈಬರಹದ ದಾಖಲೆ. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಇರುತ್ತಿತ್ತು. ಒಂದು ಪ್ರತಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಕಾಯಬೇಕು, ಎಷ್ಟೋ ಸಲ ಕೈ ಬಿಸಿ ಮಾಡಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ, 15 ರೂಪಾಯಿ ಕೊಟ್ಟು ಕೌಂಟರಿನಲ್ಲೇ ಪ್ರತಿ ತೆಗೆದುಕೊಳ್ಳುವ ಹಾಗಾಯಿತು.

ಇನ್ನೂ ಎರಡು ವಿಷಯ ಅಲ್ಲಿದ್ದವು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ‘ಈ ಬದಲಾವಣೆ ಮಾಡಿದ್ದು ನಾನಲ್ಲ’ ಅಂತ ಆಮೇಲೆ ಹೇಳೋಕೆ ಆಗಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು. ಬೇಕಾದವರ ಅರ್ಜಿಯನ್ನು ಮುಂದೆ ತಳ್ಳೋಕೆ ಸಾಫ್ಟ್‌ವೇರ್ ಬಿಡಲ್ಲ.

ಎರಡನೇ ಪರದೆ ತಂತ್ರಜ್ಞಾನವಾಗಿ ಏನೇನೂ ಅಲ್ಲ. ಒಂದು ಕೇಬಲ್, ಒಂದು ಮಾನಿಟರ್, ಅಷ್ಟೇ. ಆದರೆ ಅದರೊಳಗೆ ಒಂದು ತಿಳಿವಳಿಕೆ ಇದೆ. ಕೌಂಟರಿನ ಎರಡೂ ಕಡೆಯವರಿಗೆ ಒಂದೇ ವಿಷಯ ಒಂದೇ ಹೊತ್ತಿಗೆ ಕಂಡರೆ ನಡುವೆ ಕೈಚಳಕಕ್ಕೆ ಜಾಗ ಕಡಿಮೆ ಆಗುತ್ತದೆ. ಈ ತಿಳಿವಳಿಕೆಯನ್ನು ರೇಷನ್ ಅಂಗಡಿಗೆ ಒಯ್ಯಬಹುದು, ಆಸ್ಪತ್ರೆಯ ಬಿಲ್ ಕೌಂಟರಿಗೆ ಒಯ್ಯಬಹುದು. ಮಾನಿಟರ್ ಕೆಟ್ಟು ಗುಜರಿಗೆ ಹೋದರೂ ಅದು ಉಳಿಯುತ್ತದೆ. ‘ಭೂಮಿ’ಯನ್ನು ಸಂಶೋಧನೆ ಅಂತ ಯಾರೂ ಶುರು ಮಾಡಿದ್ದಲ್ಲ, ಅದು ಸರ್ಕಾರಿ ಯೋಜನೆ. ಆದರೆ ಒಂದು ವಸ್ತುವನ್ನು ಕಟ್ಟಿ, ಅದರಿಂದ ಬೇರೆ ಕಡೆಗೂ ಒಯ್ಯಬಹುದಾದ ಇಂಥ ತಿಳಿವಳಿಕೆಯನ್ನು ಹೊರಗೆ ತೆಗೆದು, ಅದು ನಿಜವೇ ಅಂತ ಪರೀಕ್ಷಿಸುವ ಕೆಲಸಕ್ಕೆ ಮಾಹಿತಿ ವ್ಯವಸ್ಥೆಗಳ ಲೋಕದಲ್ಲಿ ಡಿಸೈನ್ ಸೈನ್ಸ್ ಅನ್ನುತ್ತಾರೆ.

ಎಂಸಿಎ, ಎಂಟೆಕ್, ಎಂಬಿಎ, ಪಿಎಚ್‌ಡಿ ಮಾಡುತ್ತಾ ‘ನಾನೊಂದು ವ್ಯವಸ್ಥೆ ಕಟ್ಟುತ್ತೇನೆ’ ಅಂತ ಹೊರಟವರಿಗಾಗಿ ಈ ಬರಹ. ನಾನು ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕಿದಾಗ ಆರು ತಿಂಗಳು ಕೋಡ್ ಬರೆದೆ. ಪರೀಕ್ಷಿಸೋಕೆ ಉಳಿದದ್ದು ಎರಡು ವಾರ. ‘ಇದು ಚೆನ್ನಾಗಿದೆ. ಆದರೆ ಇದರಿಂದ ನಮಗೆ ಹೊಸದಾಗಿ ಏನು ಗೊತ್ತಾಯ್ತು?’ ಅಂತ ಪರೀಕ್ಷಕರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ಹಾಗೆ ಆಗಬಾರದು.

ಹಿನ್ನೆಲೆ, ಬೇಕಾದಷ್ಟು ಮಾತ್ರ

ಪ್ರಪಂಚ ಹೇಗಿದೆ ಅಂತ ತಿಳಿಯುವುದು ಒಂದು ಬಗೆಯ ವಿಜ್ಞಾನ. ಅದು ಹೇಗಿರಬೇಕು ಅಂತ ಯೋಚಿಸಿ, ಹಾಗೆ ಮಾಡುವ ದಾರಿ ಹುಡುಕುವುದಕ್ಕೂ ವಿಜ್ಞಾನದ ಶಿಸ್ತು ಇರಬಹುದು ಅಂತ ಗಟ್ಟಿಯಾಗಿ ಹೇಳಿದವರು ಹರ್ಬರ್ಟ್ ಸೈಮನ್. 1969ರ ಅವರ ಪುಸ್ತಕ ‘ದಿ ಸೈನ್ಸಸ್ ಆಫ್ ದಿ ಆರ್ಟಿಫಿಷಿಯಲ್’ ಈ ಹಾದಿಯವರೆಲ್ಲ ಹಿಂದಿರುಗಿ ನೋಡುವ ಮೂಲ.

1995ರಲ್ಲಿ ಸಾಲ್ವಟೋರ್ ಮಾರ್ಚ್ ಮತ್ತು ಜೆರಾಲ್ಡ್ ಸ್ಮಿತ್ ಒಂದು ಉಪಯೋಗದ ವಿಂಗಡಣೆ ಕೊಟ್ಟರು. ನೀವು ಕಟ್ಟುವ ವಸ್ತುವಿಗೆ, ಅಂದರೆ ಆರ್ಟಿಫ್ಯಾಕ್ಟ್‌ಗೆ, ನಾಲ್ಕು ರೂಪ ಇರಬಹುದು. ಸಮಸ್ಯೆಯ ಬಗ್ಗೆ ಮಾತಾಡೋಕೆ ಬೇಕಾದ ಪರಿಭಾಷೆ, ಆ ಪದಗಳಿಂದ ಕಟ್ಟಿದ ಮಾದರಿ, ಕೆಲಸ ಮಾಡುವ ವಿಧಾನ, ಕೊನೆಗೆ ನಿಜವಾಗಿ ಓಡುವ ವ್ಯವಸ್ಥೆ. ಡೇಟಾಬೇಸ್ ಪಾಠದಲ್ಲಿ ಎಲ್ಲರೂ ಓದುವ ಎಂಟಿಟಿ-ರಿಲೇಶನ್‌ಶಿಪ್ ಚಿತ್ರಗಳನ್ನು, ಅಂದರೆ ಯಾವ ಯಾವ ಸಂಗತಿಗಳಿವೆ, ಅವುಗಳ ನಡುವೆ ಏನು ಸಂಬಂಧ ಅಂತ ತೋರಿಸುವ ಚಿತ್ರಗಳನ್ನು, ನೆನೆಸಿಕೊಳ್ಳಿ. ಪೀಟರ್ ಚೆನ್ 1976ರಲ್ಲಿ ಅದನ್ನು ಮುಂದಿಟ್ಟಾಗ ಕೊಟ್ಟದ್ದು ಯೋಚಿಸುವ ಭಾಷೆಯನ್ನು. ಹಾಗಾಗಿ ಆರ್ಟಿಫ್ಯಾಕ್ಟ್ ಅಂದ ಕೂಡಲೇ ಮೊಬೈಲ್ ಆ್ಯಪ್ ಅಂತ ಅಂದುಕೊಳ್ಳಬೇಡಿ.

2004ರಲ್ಲಿ ಹೆವ್ನರ್, ಮಾರ್ಚ್, ಪಾರ್ಕ್ ಮತ್ತು ರಾಮ್ ‘ಎಂಐಎಸ್ ಕ್ವಾರ್ಟರ್ಲಿ’ ಅನ್ನುವ ಸಂಶೋಧನಾ ಪತ್ರಿಕೆಯಲ್ಲಿ ಬರೆದ ಲೇಖನ ಈ ಬಗೆಯ ಕೆಲಸಕ್ಕೆ ದೊಡ್ಡ ಮನ್ನಣೆ ತಂದಿತು. ಅದರಲ್ಲಿ ಏಳು ಮಾರ್ಗಸೂಚಿಗಳಿವೆ. ಬಹಳ ಪ್ರಬಂಧಗಳಲ್ಲಿ ಅವನ್ನು ಒಂದು ಟೇಬಲ್ ಮಾಡಿ, ಏಳಕ್ಕೂ ಟಿಕ್ ಹಾಕಿ ಮುಗಿಸುತ್ತಾರೆ. ಹೀಗೆ ಯಾಂತ್ರಿಕವಾಗಿ ಬಳಸಬೇಡಿ ಅಂತ ಆ ಲೇಖಕರೇ ಬರೆದಿದ್ದಾರೆ. ಕೆಲಸದ ಹಂತಗಳು ಬೇಕು ಅನ್ನುವವರಿಗೆ ಪೆಫರ್ಸ್ ಮತ್ತು ಸಂಗಡಿಗರು 2007ರಲ್ಲಿ ಆರು ಹಂತಗಳನ್ನು ಕೊಟ್ಟರು: ಸಮಸ್ಯೆ ಗುರುತಿಸುವುದು, ಗುರಿ ನಿಗದಿ ಮಾಡುವುದು, ಕಟ್ಟುವುದು, ಮಾಡಿ ತೋರಿಸುವುದು, ಮೌಲ್ಯಮಾಪನ ಮಾಡುವುದು, ಇತರರಿಗೆ ತಿಳಿಸುವುದು. ಮೊದಲ ಸಲ ಮಾಡುವವರು ಇದನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಮುಂದಿನ ಮಾತೆಲ್ಲ ಹೆಚ್ಚುಕಡಿಮೆ ಇದರ ದಾರಿಯಲ್ಲೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಊರಿನ ಹಾಲಿನ ಡೇರಿ ಅಂದುಕೊಳ್ಳಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಹಾಕುತ್ತಾರೆ. ಮೆಷಿನ್ ಒಂದು ಚೀಟಿ ಕೊಡುತ್ತದೆ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ, ಮೊತ್ತ. ಬಟವಾಡೆ ದಿನ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಚೀಟಿಗಳನ್ನೆಲ್ಲ ಕೂಡಿದರೆ ಒಂದು ಲೆಕ್ಕ, ಖಾತೆಗೆ ಬಂದದ್ದು ಇನ್ನೊಂದು. ನಡುವೆ ಫೀಡ್ ಮೂಟೆಯ ದುಡ್ಡು ಹಿಡಿದಿರುತ್ತಾರೆ, ಸಾಲದ ಕಂತು ಹಿಡಿದಿರಬಹುದು. ಅಷ್ಟು ಹೊತ್ತಿಗೆ ಹಳೆಯ ಚೀಟಿಗಳ ಅಕ್ಷರ ಮಾಸಿ ಹೋಗಿರುತ್ತದೆ. ಥರ್ಮಲ್ ಕಾಗದ ಅಲ್ವಾ, ಬಿಸಿಲಿಗೆ, ಒಲೆಯ ಕಾವಿಗೆ ನಿಲ್ಲಲ್ಲ. ‘ಈ ಸಲ ಯಾಕೆ ಕಮ್ಮಿ ಬಂತು?’ ಅಂತ ಕಾರ್ಯದರ್ಶಿಯನ್ನು ಕೇಳಬೇಕು. ಕೇಳೋಕೆ ಎಲ್ಲರಿಗೂ ಧೈರ್ಯ ಇರಲ್ಲ.

ಇದರ ಮೇಲೆ ಒಬ್ಬರು ಸಂಶೋಧನೆ ಮಾಡಬೇಕು ಅಂದರೆ ಹೇಗೆ ಹೋಗಬೇಕು, ನೋಡೋಣ.

ಮೊದಲನೆಯದು: ಸಮಸ್ಯೆಯ ವಾಕ್ಯದಲ್ಲಿ ಪರಿಹಾರ ನುಸುಳದ ಹಾಗೆ ನೋಡಿಕೊಳ್ಳಿ

‘ಡೇರಿಗೆ ಸರಿಯಾದ ಆ್ಯಪ್ ಇಲ್ಲ, ಅದೇ ಸಮಸ್ಯೆ.’ ಇಂಥ ವಾಕ್ಯ ನಾನು ಎಷ್ಟೋ ಸಿನಾಪ್ಸಿಸ್‌ಗಳಲ್ಲಿ ಓದಿದ್ದೇನೆ. ಆ್ಯಪ್ ಇಲ್ಲದಿರುವುದು ಯಾರ ಕಷ್ಟವೂ ಅಲ್ಲ. ‘ಬಟವಾಡೆಯ ಮೊತ್ತ ಹೋದ ಸಲಕ್ಕಿಂತ ಯಾಕೆ ಬದಲಾಯಿತು ಅನ್ನುವುದು ಹಾಲು ಹಾಕುವವರಿಗೆ ತಮ್ಮಷ್ಟಕ್ಕೆ ತಿಳಿಯುತ್ತಿಲ್ಲ.’ ಇದು ಕಷ್ಟ. ಇದರಲ್ಲಿ ಆ್ಯಪ್ ಇಲ್ಲ, ಎಸ್‌ಎಂಎಸ್ ಇಲ್ಲ, ಚೀಟಿಯೂ ಇಲ್ಲ. ಪರಿಹಾರ ಯಾವುದೂ ಆಗಬಹುದು.

ಈ ವಾಕ್ಯ ಸಿಗಬೇಕಾದರೆ ಡೇರಿಗೆ ಹೋಗಬೇಕು. ಸುಮ್ನೆ ಹೋಗಿ ಕೂತುಕೊಳ್ಳಿ. ಮೊದಲ ಎರಡು ದಿನ ಪ್ರಶ್ನಾವಳಿ ತೆಗೆಯಬೇಡಿ. ಚೀಟಿ ಕೈಗೆ ಬಂದಾಗ ಯಾವ ಸಾಲಿನ ಮೇಲೆ ಕಣ್ಣು ಹೋಗುತ್ತದೆ, ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ, ಯಾರು ಯಾರಿಗೆ ಓದಿ ಹೇಳುತ್ತಾರೆ, ಬರೆದುಕೊಳ್ಳಿ. ಹಾಲು ಹಾಕೋಕೆ ಬಂದ ಹೆಂಗಸು ಚೀಟಿಯನ್ನು ನೋಡದೆ ಮಡಚಿ ಸೆರಗಿನ ತುದಿಗೆ ಗಂಟು ಹಾಕಿದರೆ, ಅಷ್ಟರಲ್ಲೇ ನಿಮ್ಮ ಅರ್ಧ ಸಮಸ್ಯೆ ಇದೆ.

ಕಾರ್ಯದರ್ಶಿಯ ಕಡೆಯಿಂದಲೂ ನೋಡಿ. ಬಟವಾಡೆ ದಿನ ಒಂದೇ ಪ್ರಶ್ನೆಗೆ ನೂರು ಜನಕ್ಕೆ ಉತ್ತರ ಹೇಳುವುದು ಅವರ ಕಷ್ಟ. ಒಂದೇ ಸಮಸ್ಯೆಗೆ ಎರಡು ಮುಖ ಇರುತ್ತದೆ. ಒಂದನ್ನೇ ಹಿಡಿದು ಕಟ್ಟಿದರೆ ಇನ್ನೊಂದು ಕಡೆಯವರು ನಿಮ್ಮ ವ್ಯವಸ್ಥೆಯನ್ನು ಓಡಿಸಲ್ಲ.

ಕಟ್ಟುವ ಮೊದಲು: ಇದು ಯಾವ ಬಗೆಯ ಕೆಲಸ ಅಂತ ಕೇಳಿಕೊಳ್ಳಿ

ಶರ್ಲಿ ಗ್ರೆಗರ್ ಮತ್ತು ಅಲನ್ ಹೆವ್ನರ್ 2013ರಲ್ಲಿ ನಾಲ್ಕು ಮನೆಯ ಒಂದು ಚೌಕ ಬರೆದರು. ಒಂದು ಕಡೆ ಸಮಸ್ಯೆ ಹಳೆಯದೋ ಹೊಸದೋ, ಇನ್ನೊಂದು ಕಡೆ ಪರಿಹಾರ ಹಳೆಯದೋ ಹೊಸದೋ. ಎರಡೂ ಹೊಸದಾದರೆ ಆವಿಷ್ಕಾರ. ಇದು ಅಪರೂಪ. ಗೊತ್ತಿರುವ ಸಮಸ್ಯೆಗೆ ಹೊಸ ಪರಿಹಾರ ತಂದರೆ ಸುಧಾರಣೆ. ಬೇರೆ ಕಡೆ ಇದ್ದ ಪರಿಹಾರವನ್ನು ಹೊಸ ಸಮಸ್ಯೆಗೆ ಒಗ್ಗಿಸಿದರೆ ಅದೂ ಕೊಡುಗೆಯೇ. ನಾಲ್ಕನೇ ಮನೆಯಲ್ಲಿ ಎರಡೂ ಹಳೆಯವು, ಅಂದರೆ ರೂಢಿಯ ಕೆಲಸ. ಕಾಲೇಜಿನ ಹಾಜರಾತಿಗೆ ಇನ್ನೊಂದು ಸಾಫ್ಟ್‌ವೇರ್ ಮಾಡುವುದು ಈ ನಾಲ್ಕನೇ ಮನೆಗೆ ಸೇರುತ್ತದೆ. ಅದು ಒಳ್ಳೆಯ ಕೆಲಸ ಇರಬಹುದು, ಜನಕ್ಕೆ ಉಪಯೋಗ ಆಗಬಹುದು. ಆದರೆ ಅದನ್ನು ಸಂಶೋಧನೆ ಅಂತ ಒಪ್ಪಿಸೋಕೆ ಕಷ್ಟ.

ನಮ್ಮ ಡೇರಿ ಉದಾಹರಣೆ ಯಾವ ಮನೆಗೆ ಸೇರುತ್ತದೆ? ಬಿಲ್ಲಿನಲ್ಲಿ ‘ಹೋದ ತಿಂಗಳಿಗಿಂತ ಇಷ್ಟು ಜಾಸ್ತಿ’ ಅಂತ ತೋರಿಸುವ ಪದ್ಧತಿ ಬೇರೆ ಕಡೆ ಇದೆ. ಓದು ಕಡಿಮೆ ಇರುವ, ಮಾಸುವ ಕಾಗದ ಕೈಗೆ ಬರುವ, ದುಡ್ಡು ಹಿಡಿದ ಕಾರಣವೇ ಮುಖ್ಯವಾಗಿರುವ ಜಾಗಕ್ಕೆ ಅದನ್ನು ಒಗ್ಗಿಸುವುದು ಹೇಗೆ ಅಂತ ಕೇಳಿದರೆ ಮೂರನೇ ಬಗೆ. ಈ ತೀರ್ಮಾನವನ್ನು ಮೊದಲ ತಿಂಗಳಲ್ಲೇ ಅರ್ಧ ಪುಟದಲ್ಲಿ ಬರೆದು ನಿಮ್ಮ ಗೈಡ್‌ಗೆ ತೋರಿಸಿ. ಆಮೇಲಿನ ಎಷ್ಟೋ ಜಗಳ ತಪ್ಪುತ್ತದೆ.

ಎರಡನೆಯದು: ಗುರಿ, ಅದರ ಜೊತೆಗೇ ಅಳತೆ

‘ಪಾರದರ್ಶಕತೆ ಹೆಚ್ಚಿಸುವುದು’ ಗುರಿಯಲ್ಲ, ಆಸೆ. ಗುರಿ ಅಂದರೆ ಮುಟ್ಟಿದೆಯೋ ಇಲ್ಲವೋ ಅಂತ ಹೇಳೋಕೆ ಬರಬೇಕು. ಡೇರಿಗೆ ಹೀಗೆ ಬರೆಯಬಹುದು: ಹಾಲು ಹಾಕುವವರು ಬೇರೆಯವರ ನೆರವಿಲ್ಲದೆ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಈ ಸಲ ಎಷ್ಟು ಲೀಟರ್ ಆಯಿತು? ಏನೇನು ಹಿಡಿದಿದ್ದಾರೆ? ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ ಬಂದದ್ದು ಯಾತಕ್ಕೆ?

ಈಗ ಗಮನಿಸಿ. ಈ ಮೂರು ಪ್ರಶ್ನೆಗಳೇ ನಿಮ್ಮ ಮೌಲ್ಯಮಾಪನ. ಒಂದು ಸಾಲು ಕೋಡ್ ಬರೆಯುವ ಮೊದಲೇ ಅದು ಸಿದ್ಧ ಆಯಿತು. ಅಷ್ಟೇ ಅಲ್ಲ, ಈಗಿರುವ ಚೀಟಿಯನ್ನೇ ಕೊಟ್ಟು ಈ ಮೂರು ಪ್ರಶ್ನೆಯನ್ನು ಇವತ್ತೇ ಕೇಳಬಹುದು. ಎಷ್ಟು ಜನ ಸರಿ ಹೇಳಿದರು ಅಂತ ಬರೆದಿಟ್ಟುಕೊಂಡರೆ ಮುಂದೆ ಹೋಲಿಸೋಕೆ ಒಂದು ಆಧಾರ ಸಿಗುತ್ತದೆ. ಬಹಳ ಜನ ಹೊಸದು ಕಟ್ಟಿದ ಮೇಲೆ ಹಳೆಯದರ ಅಳತೆ ಹುಡುಕೋಕೆ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಹಳೆಯದು ಇರುವುದೇ ಇಲ್ಲ. ಈ ಇಡೀ ಬರಹದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಮೂರನೆಯದು: ಕಟ್ಟುವುದು

ಕಟ್ಟುವಾಗ ಎರಡು ಕಡೆಯಿಂದ ಬಲ ಬರಬೇಕು. 2007ರಲ್ಲಿ ಹೆವ್ನರ್ ಇದನ್ನು ಮೂರು ಚಕ್ರಗಳಾಗಿ ಬಿಡಿಸಿ ಹೇಳಿದರು. ಒಂದು ಚಕ್ರ ಹೊರಗಿನ ಪ್ರಪಂಚದ ಅಗತ್ಯವನ್ನು ತರುತ್ತದೆ. ಇನ್ನೊಂದು ಈಗಾಗಲೇ ಗೊತ್ತಿರುವ ಸಿದ್ಧಾಂತವನ್ನು ತರುತ್ತದೆ. ನಡುವೆ ಕಟ್ಟು, ಪರೀಕ್ಷಿಸು, ತಿದ್ದು ಅನ್ನುವ ಚಕ್ರ ತಿರುಗುತ್ತಿರುತ್ತದೆ.

ಸಿದ್ಧಾಂತ ಅಂದ ಕೂಡಲೇ ಹೆದರಬೇಕಾಗಿಲ್ಲ. ಡೇರಿ ಚೀಟಿಗೆ ಐರಿಸ್ ವೆಸ್ಸಿ 1991ರಲ್ಲಿ ಮುಂದಿಟ್ಟ ‘ಕಾಗ್ನಿಟಿವ್ ಫಿಟ್’ ಅನ್ನುವ ವಿಚಾರ ಸಾಕು. ಮಾಹಿತಿ ತೋರಿಸುವ ರೀತಿಯೂ ಓದುವವರು ಮಾಡಬೇಕಾದ ಕೆಲಸವೂ ಹೊಂದಿಕೊಂಡರೆ ತಲೆಗೆ ಶ್ರಮ ಕಡಿಮೆ, ಉತ್ತರ ಬೇಗ ಸಿಗುತ್ತದೆ ಅನ್ನುವುದು ಅದರ ಸಾರ. ಈಗ ನಮ್ಮ ಜನ ಮಾಡುವ ಕೆಲಸ ಯಾವುದು? ಹೋಲಿಸುವುದು. ಚೀಟಿ ತೋರಿಸುವುದೇನು? ಒಂದೊಂದು ಹೊತ್ತಿನ ಬಿಡಿ ಅಂಕಿ. ಹೊಂದಿಕೆ ಇಲ್ಲ. ಹಾಗಾದರೆ ಬಟವಾಡೆ ಚೀಟಿ ಹೀಗಿರಬಹುದು:

‘ಹೋದ ಸಲ ಬಂದದ್ದು 2,870 ರೂಪಾಯಿ. ಈ ಸಲ 1,565 ರೂಪಾಯಿ. 1,305 ರೂಪಾಯಿ ಕಡಿಮೆ. ಹಾಲು 3 ಲೀಟರ್ ಕಡಿಮೆ ಆಗಿದ್ದಕ್ಕೆ 105. ಫೀಡ್ ಒಂದು ಮೂಟೆಗೆ 1,200.’

ಸುಲಭ ಆಗಲಿ ಅಂತ ಲೀಟರಿಗೆ 35 ರೂಪಾಯಿ ಒಂದೇ ದರ ಇಟ್ಟುಕೊಂಡಿದ್ದೇನೆ. ನಿಜದಲ್ಲಿ ಫ್ಯಾಟ್ ಬದಲಾದರೆ ದರವೂ ಬದಲಾಗುತ್ತದೆ. ಹಾಗಾದಾಗ ಇನ್ನೊಂದು ಸಾಲು ಬೇಕು. ಲೀಟರಿನಿಂದ ಎಷ್ಟು ಕಡಿಮೆ ಆಯಿತು, ಫ್ಯಾಟಿನಿಂದ ಎಷ್ಟು ಅಂತ ಬೇರೆ ಮಾಡುವುದು ಹೇಗೆ ಅನ್ನುವುದು ಸುಲಭದ ಲೆಕ್ಕ ಅಲ್ಲ. ಎರಡೂ ಒಟ್ಟಿಗೆ ಬದಲಾದಾಗ ಯಾವುದಕ್ಕೆ ಎಷ್ಟು ಪಾಲು ಹಾಕುವುದು? ನಿಮ್ಮ ಪ್ರಬಂಧದ ನಿಜವಾದ ತಿರುಳು ಇಂಥ ಕಡೆ ಸಿಗುತ್ತದೆ. ಬಣ್ಣ, ಬಟನ್, ಲಾಗಿನ್ ಪುಟದ ಮೇಲೆ ತಿಂಗಳು ಕಳೆಯಬೇಡಿ.

ಇದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಿಟ್ಟ ದಾರಿಗಳನ್ನು ಬರೆಯಿರಿ. ‘ಗ್ರಾಫ್ ಹಾಕಿ ನೋಡಿದೆವು. ಐದು ಜನರಲ್ಲಿ ನಾಲ್ಕು ಜನ ಕಂಬದ ಎತ್ತರ ನೋಡದೆ ಕೆಳಗಿನ ಅಂಕಿಯನ್ನೇ ಹುಡುಕಿದರು. ಅದಕ್ಕೆ ಬಿಟ್ಟೆವು.’ ದಿನಾಂಕ ಹಾಕಿ ಇಂಥದೊಂದು ಸಾಲು ಬರೆದಿಟ್ಟರೆ, ವಿನ್ಯಾಸ ಅನ್ನುವುದು ಹುಡುಕಾಟ ಅನ್ನುವ ಮಾತಿಗೆ ನಿಮ್ಮ ಬಳಿ ಸಾಕ್ಷಿ ಇರುತ್ತದೆ. ವರ್ಷದ ಕೊನೆಗೆ ನೆನಪಿನಿಂದ ಬರೆದರೆ ಎಲ್ಲವೂ ಮೊದಲೇ ಗೊತ್ತಿತ್ತು ಅನ್ನುವ ಹಾಗೆ ಬರೆದುಬಿಡುತ್ತೇವೆ.

ತಿಳಿವಳಿಕೆಯನ್ನು ವಾಕ್ಯದಲ್ಲಿ ಹಿಡಿಯುವುದು

ಎರಡನೇ ಪರದೆಗೆ ಮತ್ತೆ ಹೋಗೋಣ. ‘ರೈತರ ಕಡೆಗೆ ಮಾನಿಟರ್ ಇಡಿ’ ಅಂದರೆ ಅದೊಂದು ಸೂಚನೆ, ಅಷ್ಟೇ. ಬೇರೆಯವರು ಬೇರೆ ಕಡೆ ಬಳಸಬೇಕಾದರೆ ಯಾರಿಗೆ, ಯಾವ ಸಂದರ್ಭದಲ್ಲಿ, ಏನು ಸಾಧಿಸೋಕೆ, ಏನು ಮಾಡಬೇಕು, ಯಾಕೆ ಅನ್ನುವ ಅಷ್ಟೂ ಬೇಕು. 2020ರಲ್ಲಿ ಗ್ರೆಗರ್, ಚಂದ್ರ ಕ್ರೂಸೆ ಮತ್ತು ಸೈಡೆಲ್ ಡಿಸೈನ್ ತತ್ವವನ್ನು ಬರೆಯೋಕೆ ಹೆಚ್ಚುಕಡಿಮೆ ಇಂಥದೇ ಅಚ್ಚು ಕೊಟ್ಟರು. ಅವರ ಅಚ್ಚಿನಲ್ಲಿ ಕೊನೆಯ ‘ಯಾಕೆ’ ಅನ್ನುವುದಕ್ಕೂ ಜಾಗ ಇದೆ. ನಮ್ಮವರು ಬಿಟ್ಟುಬಿಡುವುದು ಅದನ್ನೇ.

ಡೇರಿಯ ತತ್ವವನ್ನು ಹೀಗೆ ಬರೆಯಬಹುದು. ‘ಕಂತು ಕಂತಾಗಿ ದುಡ್ಡು ಪಡೆಯುವ, ಕಡಿತದ ಕಾರಣ ಬಿಡಿಸಿ ಹೇಳುವವರು ಹತ್ತಿರ ಇಲ್ಲದ ಉತ್ಪಾದಕರು ತಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಬೇಕಾದರೆ, ಒಟ್ಟು ಮೊತ್ತದ ಜೊತೆಗೆ ಹಿಂದಿನ ಕಂತಿಗಿಂತ ಆದ ವ್ಯತ್ಯಾಸವನ್ನು ಒಂದೊಂದೇ ಕಾರಣಕ್ಕೆ ಹಂಚಿ ತೋರಿಸಬೇಕು. ಯಾಕೆಂದರೆ ಅವರು ಮಾಡುವ ಕೆಲಸ ಹೋಲಿಕೆ. ತೋರಿಸುವ ರೀತಿ ಹೋಲಿಕೆಗೆ ಹೊಂದಿದರೆ ತಲೆಯ ಶ್ರಮ ಇಳಿಯುತ್ತದೆ.’

ಈ ವಾಕ್ಯದಲ್ಲಿ ಹಾಲು ಇಲ್ಲ. ಕಾರ್ಖಾನೆಗೆ ಕಬ್ಬು ಹಾಕುವವರಿಗೂ ಹೊಂದಬಹುದು, ರೇಷ್ಮೆಗೂಡು ಮಾರುವವರಿಗೂ ಹೊಂದಬಹುದು. ಹೊಂದುತ್ತದೋ ಇಲ್ಲವೋ ಅಂತ ಇನ್ನೊಬ್ಬರು ಪರೀಕ್ಷಿಸಬಹುದು. ತತ್ವಗಳು ಮೂರೋ ನಾಲ್ಕೋ ಇದ್ದರೆ ಸಾಕು. ಹನ್ನೆರಡು ತತ್ವ ಬರೆದವರನ್ನು ನೋಡಿದ್ದೇನೆ. ಅವುಗಳಲ್ಲಿ ಎಂಟು ‘ವ್ಯವಸ್ಥೆ ಬಳಸಲು ಸುಲಭವಾಗಿರಬೇಕು’ ಅನ್ನುವ ಥರದವು. ಅಂಥವನ್ನು ಹೊಡೆದುಹಾಕಿ. ಉಲ್ಟಾ ಹೇಳಿದರೆ ಯಾರಾದರೂ ಒಪ್ಪುತ್ತಾರಾ ಅಂತ ನೋಡಿ. ‘ಬಳಸಲು ಕಷ್ಟವಾಗಿರಬೇಕು’ ಅಂತ ಯಾರೂ ಹೇಳಲ್ಲ. ಹಾಗಾಗಿ ಅದು ತತ್ವವೂ ಅಲ್ಲ.

ನಾಲ್ಕು ಮತ್ತು ಐದು: ತೋರಿಸುವುದು ಬೇರೆ, ಪರೀಕ್ಷಿಸುವುದು ಬೇರೆ

ಒಂದು ಡೇರಿಯಲ್ಲಿ ಒಂದು ಬಟವಾಡೆಗೆ ಹೊಸ ಚೀಟಿ ಮುದ್ರಿಸಿ ಕೊಟ್ಟರೆ ಅದು ಓಡುತ್ತದೆ ಅಂತ ತೋರಿಸಿದ ಹಾಗೆ. ಅದರಿಂದ ಗುರಿ ಮುಟ್ಟಿತಾ ಅನ್ನುವುದು ಮೌಲ್ಯಮಾಪನ. ಸ್ಕ್ರೀನ್‌ಶಾಟ್‌ಗಳನ್ನು ಹಾಕಿ ‘ವ್ಯವಸ್ಥೆ ಯಶಸ್ವಿಯಾಗಿ ಕಾರ್ಯನಿರ್ವಹಿಸಿತು’ ಅಂತ ಬರೆದರೆ ನೀವು ನಾಲ್ಕನೇ ಹಂತದಲ್ಲೇ ನಿಂತಿರುತ್ತೀರಿ.

ಎಲ್ಲರೂ ಜಾರುವ ಜಾಗವೂ ಇದೇ. ‘ಈ ವ್ಯವಸ್ಥೆ ನಿಮಗೆ ಇಷ್ಟ ಆಯ್ತಾ? ಒಂದರಿಂದ ಐದರೊಳಗೆ ಹೇಳಿ.’ ಊರಿಗೆ ಬಂದ ಹುಡುಗ ಅಥವಾ ಹುಡುಗಿ, ಓದೋಕೆ ಅಂತ ಮಾಡುತ್ತಿರುವ ಕೆಲಸ, ಬಿಸಿಲಲ್ಲಿ ನಿಂತು ಕೇಳುತ್ತಿದ್ದಾರೆ. ಯಾರು ತಾನೇ ಎರಡು ಕೊಡುತ್ತಾರೆ? ಕಾಫಿ ಕೊಟ್ಟು ಐದಕ್ಕೆ ಐದು ಹೇಳಿ ಕಳಿಸುತ್ತಾರೆ. ಅದು ಅವರ ಒಳ್ಳೆಯತನ. ನಿಮ್ಮ ಚೀಟಿಯ ಗುಣ ಅದರಿಂದ ಗೊತ್ತಾಗಲ್ಲ.

ಅದರ ಬದಲು ಕೆಲಸ ಕೊಡಿ. ಚೀಟಿ ಕೈಗೆ ಕೊಟ್ಟು ಆ ಮೂರು ಪ್ರಶ್ನೆ ಕೇಳಿ. ಸರಿಯೋ ತಪ್ಪೋ, ಎಷ್ಟು ಹೊತ್ತು ಹಿಡಿಯಿತು, ಪಕ್ಕದವರನ್ನು ಕೇಳಿದರಾ, ಬರೆದುಕೊಳ್ಳಿ. ಅರ್ಧ ಜನಕ್ಕೆ ಮೊದಲು ಹಳೆಯ ಚೀಟಿ, ಆಮೇಲೆ ಹೊಸದು. ಉಳಿದ ಅರ್ಧಕ್ಕೆ ಉಲ್ಟಾ. ಇಲ್ಲದಿದ್ದರೆ ಎರಡನೇ ಸಲ ಪ್ರಶ್ನೆ ಪರಿಚಯ ಆಗಿದ್ದಕ್ಕೇ ಉತ್ತರ ಸುಧಾರಿಸಿರಬಹುದು. ಎರಡಕ್ಕೂ ಬೇರೆ ಬೇರೆ ಅಂಕಿ ಇರಲಿ. ಪರೀಕ್ಷೆ ಅನ್ನುವ ಭಯ ಹುಟ್ಟದ ಹಾಗೆ ಮಾತಾಡಿ. ‘ನಾವು ನೋಡುತ್ತಿರುವುದು ಚೀಟಿ ಸರಿಯಾಗಿದೆಯಾ ಅಂತ ಕಣಮ್ಮಾ, ನಿಮ್ಮನ್ನಲ್ಲ’ ಅಂತ ಮೊದಲೇ ಹೇಳಿ. ಅದು ಪೂರ್ತಿ ನಿಜವೂ ಹೌದು.

ಯಾವ ಪರೀಕ್ಷೆ ಯಾವಾಗ ಅಂತ ಗೊಂದಲ ಆದರೆ ವೆನಬಲ್, ಪ್ರಿಸ್-ಹೆಯೆ ಮತ್ತು ಬಾಸ್ಕರ್‌ವಿಲ್ 2016ರಲ್ಲಿ ಕೊಟ್ಟ ‘ಫೆಡ್ಸ್’ ಚೌಕಟ್ಟು ನೋಡಿ. ಅದರ ಮೂಲದಲ್ಲಿ ಎರಡು ಪ್ರಶ್ನೆಗಳಿವೆ. ಈ ಪರೀಕ್ಷೆ ತಿದ್ದಿಕೊಳ್ಳೋಕೋ, ಕೊನೆಯ ತೀರ್ಪಿಗೋ? ಇದು ಕೃತಕ ವಾತಾವರಣದಲ್ಲೋ, ನಿಜವಾದ ಜಾಗದಲ್ಲೋ? ನಿಮ್ಮ ದೊಡ್ಡ ಅಪಾಯ ತಂತ್ರಜ್ಞಾನದ್ದಾದರೆ ಮೊದಲು ಲ್ಯಾಬಿನಲ್ಲಿ ಜಾಸ್ತಿ ಪರೀಕ್ಷಿಸಿ. ಜನ ಬಳಸುತ್ತಾರೋ ಇಲ್ಲವೋ ಅನ್ನುವುದೇ ಅಪಾಯವಾದರೆ ಬೇಗ ಜನರ ನಡುವೆ ಹೋಗಿ. ಡೇರಿಯ ವಿಷಯದಲ್ಲಿ ಎರಡನೆಯದೇ. ಕಾಗದದ ಮೇಲೆ ಕೈಯಿಂದ ಬರೆದ ಐದು ಚೀಟಿ ತೆಗೆದುಕೊಂಡು ಮೊದಲ ತಿಂಗಳೇ ಹೋಗಬಹುದು.

ಕೊನೆಯ ತೀರ್ಪಿನ ಪರೀಕ್ಷೆ ಮಾತ್ರ ನಿಜವಾದ ಬಟವಾಡೆಗಳ ಮೇಲೆಯೇ ಆಗಬೇಕು. ಒಂದು ಸಲ ಸಾಲದು. ಮೊದಲ ಸಲ ಹೊಸದು ಅಂತ ಎಲ್ಲರೂ ಓದುತ್ತಾರೆ. ನಾಲ್ಕನೇ ಸಲವೂ ಓದುತ್ತಾರಾ ನೋಡಬೇಕು.

ಅಡ್ಡ ಪರಿಣಾಮಗಳನ್ನೂ ಹುಡುಕಿ. ‘ಭೂಮಿ’ಯನ್ನು ಬಹಳ ಜನ ಹೊಗಳಿದರು, ಹೊಗಳಿದ್ದಕ್ಕೆ ಕಾರಣವೂ ಇತ್ತು. ಆದರೆ 2007ರ ಹೊತ್ತಿಗೆ ಬೆಂಗಳೂರಿನ ಕೆಲವು ಸಂಶೋಧಕರು ಬೇರೆಯದೇ ಪ್ರಶ್ನೆ ಎತ್ತಿದರು. ದಾಖಲೆಗಳೆಲ್ಲ ಒಂದೇ ಕಡೆ ಸಿಗುವ ಹಾಗಾಗಿದ್ದರಿಂದ ದೊಡ್ಡ ಮಟ್ಟದಲ್ಲಿ ಜಮೀನು ಹಿಡಿಯುವವರಿಗೇ ಜಾಸ್ತಿ ಅನುಕೂಲ ಆಯಿತಲ್ಲವೇ ಅಂತ. ಆ ವಾದವನ್ನು ನೀವು ಒಪ್ಪಿ, ಬಿಡಿ. ಕೌಂಟರಿನಲ್ಲಿ ಪಹಣಿ ಎಷ್ಟು ಬೇಗ ಸಿಗುತ್ತದೆ ಅಂತ ಮಾತ್ರ ಅಳೆದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹೊಸ ಚೀಟಿಯಿಂದ ಕಾರ್ಯದರ್ಶಿಯ ಮೇಲೆ ಅನುಮಾನ ಜಾಸ್ತಿ ಆಯಿತಾ? ಯಾರ ಮನೆಗೆ ಎಷ್ಟು ದುಡ್ಡು ಬಂತು ಅಂತ ಪಕ್ಕದವರಿಗೆ ಸುಲಭವಾಗಿ ಕಾಣುವ ಹಾಗಾಯಿತಾ? ದುಡ್ಡಿನ ವಿಷಯ, ಮನೆಯೊಳಗೂ ಸೂಕ್ಷ್ಮ. ಇದನ್ನೆಲ್ಲ ಕೇಳಲೇಬೇಕು.

ಪರೀಕ್ಷೆಯಲ್ಲಿ ಸೋತರೆ? ಫ್ಯಾಟಿನ ಸಾಲು ಯಾರಿಗೂ ಅರ್ಥ ಆಗಲಿಲ್ಲ ಅಂದುಕೊಳ್ಳಿ. ಅದನ್ನು ಹಾಗೇ ಬರೆಯಿರಿ. ಯಾವ ತತ್ವ ನಿಂತಿತು, ಯಾವುದು ಬಿತ್ತು, ಯಾಕೆ ಬಿದ್ದಿರಬಹುದು ಅಂತ ಹೇಳುವ ಪ್ರಬಂಧ, ಎಲ್ಲವೂ ಗೆದ್ದಿತು ಅನ್ನುವ ಪ್ರಬಂಧಕ್ಕಿಂತ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಡೇರಿಯವರೇ ದಿಕ್ಕು ಬದಲಿಸಿದರೆ

ನಡುವೆ ಕಾರ್ಯದರ್ಶಿ ಹೇಳಬಹುದು: ‘ಚೀಟಿ ಬೇಡ ಸರ್, ಬಟವಾಡೆ ದಿನ ಮೈಕಿನಲ್ಲಿ ಓದೋಣ.’ ಆಗ ಕಟ್ಟುವವರು, ಬಳಸುವವರು ಒಟ್ಟಿಗೆ ಸೇರಿ ವಸ್ತುವನ್ನು ರೂಪಿಸುತ್ತಿರುತ್ತೀರಿ. ಇಂಥ ಕಡೆ ಆರು ಹಂತಗಳ ಬದಲು ‘ಆ್ಯಕ್ಷನ್ ಡಿಸೈನ್ ರಿಸರ್ಚ್’ ಹೊಂದುತ್ತದೆ. ಸೈನ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ವಿವರಿಸಿದ್ದಾರೆ. ಅಲ್ಲಿ ಕಟ್ಟುವುದು, ಜಾಗದಲ್ಲಿ ಬಳಸುವುದು, ಮೌಲ್ಯಮಾಪನ ಮೂರೂ ಹೆಣೆದುಕೊಂಡೇ ನಡೆಯುತ್ತವೆ. ಸಂಸ್ಥೆಯೊಳಗೆ ತಿಂಗಳುಗಟ್ಟಲೆ ಇರೋಕೆ ಅವಕಾಶ ಇದ್ದರೆ ಮಾತ್ರ ಇದನ್ನು ಆರಿಸಿ. ವಾರಕ್ಕೊಂದು ದಿನ ಹೋಗಿ ಬರುವವರಿಗೆ ಇದು ಆಗದು.

ಆರನೆಯದು: ಬರೆಯುವುದು

ಪ್ರಬಂಧದ ನಡು ಅಧ್ಯಾಯ ಸಾಫ್ಟ್‌ವೇರಿನ ವಿವರಣೆ ಆಗದಿರಲಿ. ಯಾವ ಫ್ರೇಮ್‌ವರ್ಕ್ ಬಳಸಿದಿರಿ, ಡೇಟಾಬೇಸ್ ಯಾವುದು ಅನ್ನುವುದು ಒಂದು ಪುಟದಲ್ಲಿ ಮುಗಿಯಬೇಕು. ಸಮಸ್ಯೆಗೆ ಸಾಕ್ಷಿ, ಗುರಿ, ಪ್ರತಿ ತತ್ವ ಎಲ್ಲಿಂದ ಬಂತು, ಆ ತತ್ವ ಚೀಟಿಯ ಯಾವ ಸಾಲಾಗಿ ಕಾಣುತ್ತದೆ, ಆ ಸಾಲು ಪರೀಕ್ಷೆಯಲ್ಲಿ ಏನಾಯಿತು. ಈ ಎಳೆ ಕಡಿಯದ ಹಾಗೆ ಬರೆಯಿರಿ. ಒಂದು ತತ್ವ ತೆಗೆದುಕೊಂಡು ಹಿಂದಕ್ಕೂ ಮುಂದಕ್ಕೂ ಬೆರಳಿಟ್ಟು ಹೋಗೋಕೆ ಆಗಬೇಕು. ಎಲ್ಲಾದರೂ ಬೆರಳು ಗಾಳಿಗೆ ಬಂದರೆ ಅಲ್ಲಿ ಕೆಲಸ ಬಾಕಿ ಇದೆ.

ಸಮಯದ ಲೆಕ್ಕ ಕೇಳಿದರೆ, ಹತ್ತು ತಿಂಗಳ ಕೆಲಸದಲ್ಲಿ ಕಟ್ಟೋಕೆ ಮೂರು ತಿಂಗಳಿಗಿಂತ ಜಾಸ್ತಿ ಕೊಡಬೇಡಿ ಅಂತ ನನ್ನ ಸಲಹೆ. ಸಮಸ್ಯೆ, ಓದಿಗೆ ಮೂರು. ಪರೀಕ್ಷೆಗೆ ಎರಡೂವರೆ. ಉಳಿದದ್ದು ಬರೆಯೋಕೆ. ಅಷ್ಟರಲ್ಲಿ ಕಟ್ಟೋಕೆ ಆಗಲ್ಲ ಅನ್ನಿಸಿದರೆ ವ್ಯವಸ್ಥೆಯನ್ನು ಚಿಕ್ಕದು ಮಾಡಿ. ಪರೀಕ್ಷೆಯ ತಿಂಗಳುಗಳಿಗೆ ಮಾತ್ರ ಕೈ ಹಾಕಬೇಡಿ.

ಇನ್ನು ಡೇರಿಯ ಜನರ ಹೆಸರು, ಖಾತೆ ನಂಬರ್, ಮೊತ್ತ ಯಾವುದೂ ಪ್ರಬಂಧಕ್ಕೆ ಬರಬಾರದು. ಅನುಮತಿಯನ್ನು ಕಾರ್ಯದರ್ಶಿಯ ಹತ್ತಿರ ಮಾತ್ರ ಕೇಳಿದರೆ ಸಾಲದು, ಚೀಟಿ ಯಾರದೋ ಅವರನ್ನೂ ಕೇಳಿ. ಮುಗಿದ ಮೇಲೆ ಗೊತ್ತಾದದ್ದನ್ನು ಒಂದು ಪುಟದ ಕನ್ನಡದಲ್ಲಿ ಬರೆದು ಡೇರಿಗೆ ಕೊಡಿ, ಸಂಜೆ ಹಾಲು ಹಾಕುವ ಹೊತ್ತಿಗೆ ನಿಂತು ಓದಿ ಹೇಳಿ. ನೀವು ಹೋದ ಮೇಲೂ ಹೊಸ ಚೀಟಿ ಬರುತ್ತಿರಬೇಕು ಅಂತ ಅವರು ಕೇಳಿದರೆ ಅದನ್ನು ಯಾರು ಮುದ್ರಿಸುತ್ತಾರೆ, ಕಾಗದದ ರೋಲಿನ ಖರ್ಚು ಯಾರದು, ಲೆಕ್ಕ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವತ್ತೇ ಕೂತು ಮಾತಾಡಿ ಮುಗಿಸಿ.